ಈಡು ಒಂದೇ, ಬಿದ್ದ ಜಾಗ ಬೇರೆ: ಕೇಪಿನ ಕೋವಿಯಿಂದ ಎರರ್ ಲೆಕ್ಕದ ಪಾಠ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯ ತೋಟದ ಮನೆಗಳಲ್ಲಿ ಕೋವಿ ಅನ್ನೋದು ಶೋಕಿಯ ವಸ್ತು ಅಲ್ಲ. ಕತ್ತಿ, ಗುದ್ದಲಿ, ದೋಟಿ ಇದ್ದ ಹಾಗೆ ಅದೂ ಒಂದು ಸಾಮಾನು. ಬೆಳೆ ರಕ್ಷಣೆಗೆ ಅಂತ ಮನೆಯ ಹಿರಿಯರ ಹೆಸರಲ್ಲಿ ಲೈಸೆನ್ಸ್ ಇರುತ್ತೆ. ರಾತ್ರಿ ಗದ್ದೆಗೆ ಹಂದಿ ಬಂದ್ರೆ, ಹಗಲು ತೋಟಕ್ಕೆ ಮಂಗ ಬಂದ್ರೆ ಒಂದು ಈಡು ಹಾರಿಸಿ ಓಡಿಸೋದು. ಚುನಾವಣೆ ಬಂತು ಅಂದ್ರೆ ಆ ಕೋವಿ ಪೊಲೀಸ್ ಠಾಣೆಗೆ ಹೋಗಿ ಕೂತ್ಕೊಳ್ಳುತ್ತೆ, ಮುಗಿದ ಮೇಲೆ ವಾಪಸ್ ಬರುತ್ತೆ. ಮಲೆನಾಡಿನವರಿಗೆ ಇದೆಲ್ಲ ಗೊತ್ತಿರೋ ವಿಷಯವೇ.

ಇತ್ತೀಚೆಗೆ ಇನ್ನೊಂದು ವಿಷಯ ಮೊಬೈಲ್‌ಗಳಲ್ಲಿ ಓಡಾಡ್ತಾ ಇದೆ. ಅದರ ಹೆಸರು ಹ್ಯಾಂಡ್‌ಲೋಡಿಂಗ್. ಅಮೆರಿಕದಂಥ ದೇಶಗಳಲ್ಲಿ ರೈಫಲ್ ಹವ್ಯಾಸಿಗಳು ಅಂಗಡಿಯ ತೋಟಾ ಬಿಟ್ಟು ತಾವೇ ತೋಟಾ ತುಂಬಿಕೊಳ್ತಾರೆ. ತಕ್ಕಡಿ, ಪ್ರೆಸ್, ಅಳತೆಗೋಲು ಇಟ್ಕೊಂಡು ಒಂದೊಂದು ಈಡನ್ನೂ ಇನ್ನೊಂದರ ಪಡಿಯಚ್ಚಿನ ಹಾಗೆ ಮಾಡೋಕೆ ಒದ್ದಾಡ್ತಾರೆ. ಹಾಗೆ ಮಾಡಿದ್ರೆ ಗುರಿ ಚೆನ್ನಾಗಿ ಸಿಗುತ್ತೆ ಅನ್ನೋದು ಅವರ ಲೆಕ್ಕ. ಇದನ್ನ ನೋಡಿದ ನಮ್ಮ ವಯಸ್ಸಿನವರಿಗೆ "ನಾವೂ ಯಾಕೆ ಮಾಡಬಾರದು?" ಅಂತ ಅನ್ನಿಸೋದು ಸಹಜ. ನಮ್ಮ ಉತ್ತರ ಎರಡು ಭಾಗದಲ್ಲಿದೆ. ತೋಟಾ ತುಂಬೋ ಕೆಲಸ ನಮಗೆ ಬೇಡ. ಅದರ ಹಿಂದಿರೋ ಲೆಕ್ಕ ಮಾತ್ರ ನಮಗೆ ಬೇಕೇ ಬೇಕು, ಯಾಕಂದ್ರೆ ಅದು ನಮ್ಮ ಪ್ರತಿ ಲ್ಯಾಬ್‌ಗೂ ಪ್ರತಿ ಪ್ರಾಜೆಕ್ಟ್‌ಗೂ ಬೇಕಾದ ಲೆಕ್ಕ.

ತಮಾಷೆ ಅಂದ್ರೆ, ಮಲೆನಾಡಿನ ಕೇಪಿನ ಕೋವಿಯಲ್ಲಿ ಪ್ರತಿ ಈಡೂ ಹ್ಯಾಂಡ್‌ಲೋಡೇ. ಅದಕ್ಕೆ ತೋಟಾ ಅಂತ ಇರಲ್ಲ. ನಳಿಗೆಯ ಬಾಯಿಂದಲೇ ಮದ್ದು, ನಾರು, ಗುಂಡು ಅಥವಾ ಚರೆ ಹಾಕಿ, ಗಜದಿಂದ ಒತ್ತಿ, ಹಿಂದೆ ಕೇಪು ಇಟ್ಟು ಹೊಡೀಬೇಕು. ಹಾಗಾಗಿ "ಒಂದೇ ಕೋವಿ, ಒಂದೇ ಕೈ, ಒಂದೇ ಥರ ತುಂಬಿದ ಈಡು, ಆದ್ರೂ ಬೀಳೋ ಜಾಗ ಯಾಕೆ ಬೇರೆ ಬೇರೆ?" ಅನ್ನೋ ಪ್ರಶ್ನೆ ನಮ್ಮೂರುಗಳಲ್ಲಿ ತುಂಬ ಹಳೇದು. ಅದನ್ನೇ ಈ ಪಾಠದಲ್ಲಿ ಬಿಡಿಸಿ ನೋಡೋಣ.

ಮೊದಲು ಕಾನೂನು

ಇದನ್ನ ಕೊನೇಲಿ ಇಟ್ರೆ ಯಾರೂ ಓದಲ್ಲ, ಅದಕ್ಕೇ ಮೊದಲು ಹೇಳಿಬಿಡ್ತೀವಿ.

ನಮ್ಮಲ್ಲಿ ಬಂದೂಕಿಗೆ ಸಂಬಂಧಿಸಿದ ಮುಖ್ಯ ಕಾಯ್ದೆ 1959ರ ಶಸ್ತ್ರಾಸ್ತ್ರ ಕಾಯ್ದೆ. ಅದರ 13ನೇ ಸೆಕ್ಷನ್‌ನಲ್ಲಿ ಬೆಳೆ ರಕ್ಷಣೆಯ ಮಾತು ನೇರವಾಗಿ ಬರುತ್ತೆ. ಅಲ್ಲಿ ಬೆಳೆ ರಕ್ಷಣೆಗೆ ಅಂತ ಹೇಳಿರೋದು ಬಾಯಿಂದ ತುಂಬೋ ಕೋವಿಯನ್ನ, ಅಂದ್ರೆ ನಮ್ಮ ಕೇಪಿನ ಕೋವಿಯಂಥದ್ದನ್ನ. 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ತಯಾರಿಸೋ ಹಾಗಿಲ್ಲ, ಮಾರೋ ಹಾಗಿಲ್ಲ. ಇದನ್ನ ಮೀರಿ ತಯಾರಿಸಿದ್ರೆ, 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆ 7 ವರ್ಷ, ಗರಿಷ್ಠ ಜೀವಾವಧಿ. ಕೋವಿ ಇಟ್ಕೊಳ್ಳೋ ಲೈಸೆನ್ಸೇ ಬೇರೆ, ಮದ್ದುಗುಂಡು ತಯಾರಿಸೋ ಲೈಸೆನ್ಸೇ ಬೇರೆ. ಮನೇಲಿ ಮೊದಲನೆಯದು ಇದೆ ಅಂತ ಹಾಸ್ಟೆಲ್ ರೂಮಲ್ಲೋ ಕೊಟ್ಟಿಗೆಯಲ್ಲೋ ತೋಟಾ ತುಂಬೋಕೆ ಕೂತ್ರೆ ಅದು ಹವ್ಯಾಸ ಅಂತ ಯಾರೂ ಒಪ್ಪಲ್ಲ.

"ಕೊಡಗಿನಲ್ಲಿ ಲೈಸೆನ್ಸೇ ಬೇಡವಂತಲ್ಲ?" ಅಂತ ಕೆಲವರು ಕೇಳ್ತಾರೆ. ಅಲ್ಲಿ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನ 2029ರವರೆಗೆ ವಿಸ್ತರಿಸಿದೆ. ಆ ವಿನಾಯಿತಿ ಚಿಕ್ಕಮಗಳೂರು ಜಿಲ್ಲೆಗೆ ಬರಲ್ಲ. ಇನ್ನೊಂದು ಮಾತು: ಬೆಳೆ ರಕ್ಷಣೆ ಲೈಸೆನ್ಸ್ ಅಂದ್ರೆ ಶಿಕಾರಿ ಲೈಸೆನ್ಸ್ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನ ನಿಷೇಧಿಸಿದೆ. ಒಂದು ಕಡೆ ಭದ್ರಾ ಹುಲಿ ಮೀಸಲು ಪ್ರದೇಶ, ಇನ್ನೊಂದು ಕಡೆ ಕುದುರೆಮುಖ ರಾಷ್ಟ್ರೀಯ ಉದ್ಯಾನ ಇರೋ ಈ ಸೀಮೆಯಲ್ಲಿ ಅದನ್ನ ಮರೆಯೋ ಹಾಗೇ ಇಲ್ಲ.

ಕಾನೂನು ಮುಗೀತು, ಇನ್ನು ಪಾಠ.

ಈಡಿನಲ್ಲಿ ಏನೇನು ಬದಲಾಗುತ್ತೆ?

ಆಧುನಿಕ ತೋಟಾದಲ್ಲಿ ನಾಲ್ಕೇ ಭಾಗ: ಹಿತ್ತಾಳೆಯ ಕೇಸ್, ಬೆಂಕಿ ಹೊತ್ತಿಸೋ ಪ್ರೈಮರ್, ಉರಿಯೋ ಪೌಡರ್, ಹಾರೋ ಬುಲೆಟ್. ಹ್ಯಾಂಡ್‌ಲೋಡಿಂಗ್ ಮಾಡೋರ ತಪಸ್ಸೆಲ್ಲ ಈ ನಾಲ್ಕೂ ಪ್ರತಿ ಸಲ ಒಂದೇ ಥರ ಇರಲಿ ಅನ್ನೋದಕ್ಕೆ. ಅವರು ಹುಡುಕೋದು ಜಾಸ್ತಿ ಶಕ್ತಿಯನ್ನಲ್ಲ, ಒಂದೇ ಸಮನಾದ ಶಕ್ತಿಯನ್ನ. ಗುರಿಯ ವಿಷಯದಲ್ಲಿ ಇದೇ ಮೂಲ ಸೂತ್ರ.

ಕೇಪಿನ ಕೋವಿಯಲ್ಲಿ ಬದಲಾಗೋ ಸಂಗತಿಗಳು ಇನ್ನೂ ಜಾಸ್ತಿ.

ಒಂದು, ಮದ್ದಿನ ಪ್ರಮಾಣ. ಅದನ್ನ ಸಾಮಾನ್ಯವಾಗಿ ತೂಗಲ್ಲ, ಅಳತೆ ಪಾತ್ರೆಯಲ್ಲಿ ಅಳೀತಾರೆ. ಅದೇ ಪಾತ್ರೆಯನ್ನ ಸ್ವಲ್ಪ ಕುಲುಕಿದ್ರೆ ಒಳಗೆ ಹಿಡಿಸೋ ಮದ್ದೇ ಬದಲಾಗುತ್ತೆ. ಅಕ್ಕಿ ಅಳೆಯೋವಾಗ ಸೇರು ಕುಲುಕಿದ ಹಾಗೆ.

ಎರಡು, ತೇವ. ಕಪ್ಪು ಮದ್ದು ಗಾಳಿಯ ತೇವ ಎಳ್ಕೊಳ್ಳುತ್ತೆ. ಶೃಂಗೇರಿಯ ಮಳೆಗಾಲದಲ್ಲಿ ಬಟ್ಟೆ ವಾರಗಟ್ಟಲೆ ಒಣಗಲ್ಲ. ಇನ್ನು ಮದ್ದು ಬೇಸಿಗೆಯಲ್ಲಿ ಉರಿದ ಹಾಗೆ ಆಷಾಢದಲ್ಲೂ ಉರಿಯುತ್ತಾ?

ಮೂರು, ಒತ್ತು. ಗಜದಿಂದ ಒಂದು ಸಲ ಗಟ್ಟಿಯಾಗಿ, ಇನ್ನೊಂದು ಸಲ ಹಗುರಾಗಿ ಒತ್ತಿದ್ರೆ ಮದ್ದು ಉರಿಯೋ ರೀತಿ ಬದಲಾಗುತ್ತೆ.

ನಾಲ್ಕು, ಗುಂಡಿಗೂ ನಳಿಗೆಗೂ ನಡುವಿನ ಸಂದು. ಗುಂಡು ನಳಿಗೆಗಿಂತ ಸಣ್ಣದಿರೋದ್ರಿಂದ ಪಕ್ಕದಿಂದ ಗ್ಯಾಸ್ ಸೋರುತ್ತೆ. ಗುಂಡು ನಳಿಗೆಯ ಗೋಡೆಗೆ ಅತ್ತಿತ್ತ ಬಡೀತಾ ಬಂದು, ಕೊನೇ ಬಡಿತ ಯಾವ ಕಡೆಯೋ ಅದರ ಎದುರು ಕಡೆಗೆ ವಾಲಿ ಹೋಗುತ್ತೆ. ರೈಫಲ್‌ನಲ್ಲಿ ನಳಿಗೆಯ ಒಳಗೆ ಸುರುಳಿ ಗೀರು ಹಾಕಿ ಬುಲೆಟ್ಟನ್ನ ಬಿಗಿಯಾಗಿ ಹಿಡಿದು ತಿರುಗಿಸೋದು ಇದೇ ಕಾರಣಕ್ಕೆ. ಬುಗುರಿ ತಿರುಗೋವಾಗ ಬೀಳಲ್ಲ ಅನ್ನೋ ತತ್ವವೇ ಅಲ್ಲಿ ಕೆಲಸ ಮಾಡೋದು.

ಐದು, ಕಿಟ್ಟ. ಕಪ್ಪು ಮದ್ದು ಪೂರ್ತಿ ಗ್ಯಾಸ್ ಆಗಲ್ಲ. ಬಹಳಷ್ಟು ಮಸಿಯಾಗಿ ನಳಿಗೆಯಲ್ಲೇ ಉಳಿಯುತ್ತೆ. ಹಾಗಾಗಿ ಮೊದಲ ಈಡಿನ ನಳಿಗೆಯೂ ಐದನೇ ಈಡಿನ ನಳಿಗೆಯೂ ಒಂದೇ ಅಲ್ಲ.

ವೇಗ ಬದಲಾದ್ರೆ ಎಷ್ಟು ಬದಲಾಗುತ್ತೆ?

ಮೇಲಿನ ಐದರಲ್ಲಿ ಹೆಚ್ಚಿನವು ಕೊನೆಗೆ ಗುಂಡಿನ ವೇಗದಲ್ಲಿ ಕಾಣಿಸ್ಕೊಳ್ಳುತ್ತೆ. ವೇಗ ಅಳೆಯೋ ಉಪಾಯವನ್ನ ಬೆಂಜಮಿನ್ ರಾಬಿನ್ಸ್ ಅನ್ನೋ ಇಂಗ್ಲಿಷ್ ಗಣಿತಜ್ಞ 1742ರಲ್ಲಿ ಪ್ರಕಟಿಸಿದ. ನಮ್ಮ ಫಿಸಿಕ್ಸ್ ಪುಸ್ತಕದ ಬ್ಯಾಲಿಸ್ಟಿಕ್ ಪೆಂಡ್ಯುಲಮ್ ಲೆಕ್ಕ ಇದೆಯಲ್ಲ, ಅದು ಅವನದ್ದೇ. ತೂಗುಹಾಕಿದ ಭಾರದ ದಿಮ್ಮಿಗೆ ಗುಂಡು ಹೊಕ್ಕು ನಿಲ್ಲುತ್ತೆ. ದಿಮ್ಮಿ ಎಷ್ಟು ಮೇಲೇರಿತು ಅಂತ ನೋಡಿ ಗುಂಡಿನ ವೇಗ ಹೇಳಬಹುದು. ಉದಾಹರಣೆಗೆ 10 ಗ್ರಾಂ ಗುಂಡು ಸೆಕೆಂಡಿಗೆ 300 ಮೀಟರ್ ವೇಗದಲ್ಲಿ ಬಂದು 5 ಕೆಜಿ ದಿಮ್ಮಿಯಲ್ಲಿ ಕೂತ್ರೆ, ದಿಮ್ಮಿಯ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್, ಏರೋ ಎತ್ತರ ಸುಮಾರು 1.8 ಸೆಂ.ಮೀ. ಕಣ್ಣಿಗೆ ಕಾಣದ ವೇಗವನ್ನ ಸ್ಕೇಲಿನಲ್ಲಿ ಅಳೆಯೋ ಹಾಗೆ ಮಾಡಿದ ಈ ಮನುಷ್ಯ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ಬಂದು, 1751ರಲ್ಲಿ ನಮ್ಮ ಪಕ್ಕದ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಈಗ ನಮ್ಮ ಲೆಕ್ಕ. ಗಾಳಿಯ ತಡೆಯನ್ನ ಸದ್ಯಕ್ಕೆ ಬಿಡೋಣ. ಕೋವಿ ನೇರ ಅಡ್ಡಕ್ಕೆ ಇದೆ ಅಂದ್ಕೊಳ್ಳಿ. ಗುಂಡು ಗುರಿ ತಲುಪೋ ಅಷ್ಟರಲ್ಲಿ ಕೆಳಗೆ ಬೀಳೋದು:

ಬೀಳುವ ಎತ್ತರ = ½ × ಗುರುತ್ವ × (ದೂರ ÷ ವೇಗ)²

ವೇಗ 300 ಮೀ./ಸೆ., ದೂರ 50 ಮೀಟರ್ ಆದ್ರೆ ಉತ್ತರ 13.6 ಸೆಂ.ಮೀ. ವೇಗ ಶೇ 10ರಷ್ಟು ಕಮ್ಮಿಯಾಗಿ 270 ಆದ್ರೆ 16.8 ಸೆಂ.ಮೀ. ಶೇ 10ರಷ್ಟು ಜಾಸ್ತಿಯಾಗಿ 330 ಆದ್ರೆ 11.3 ಸೆಂ.ಮೀ. ಅಂದ್ರೆ ಮೇಲು-ಕೆಳಗಿನ ಅಂತರ ಸುಮಾರು 5.5 ಸೆಂ.ಮೀ.

ಇದೇ ಲೆಕ್ಕ 25 ಮೀಟರ್‌ಗೆ ಮಾಡಿದ್ರೆ ಅಂತರ ಬರೀ 1.4 ಸೆಂ.ಮೀ. 100 ಮೀಟರ್‌ಗೆ ಮಾಡಿದ್ರೆ 22 ಸೆಂ.ಮೀ. ದೂರ ಎರಡರಷ್ಟಾದ್ರೆ ಅಂತರ ನಾಲ್ಕರಷ್ಟು. ಹ್ಯಾಂಡ್‌ಲೋಡಿಂಗ್ ಯಾಕೆ ದೂರದ ಗುರಿಯವರ ಹುಚ್ಚು, ತೋಟದಂಚಿನಲ್ಲಿ ನಿಂತವರ ಅಗತ್ಯ ಅಲ್ಲ ಅನ್ನೋದು ಈ ಮೂರು ಸಂಖ್ಯೆಯಲ್ಲೇ ಇದೆ.

ಇಲ್ಲೇ ಇಳಿಜಾರಿನ ಮಾತನ್ನೂ ಮುಗಿಸಿಬಿಡೋಣ. ಮಲೆನಾಡಿನಲ್ಲಿ ತೋಟ ಕಣಿವೆಯಲ್ಲಿ, ಸೊಪ್ಪಿನಬೆಟ್ಟ ಮೇಲೆ. ಸಮತಟ್ಟು ಜಾಗ ಸಿಗೋದೇ ಅಪರೂಪ. ಮೇಲಕ್ಕೆ ಹೊಡೆದ್ರೂ ಕೆಳಕ್ಕೆ ಹೊಡೆದ್ರೂ, ನೋಟದ ಗೆರೆಗೆ ಲಂಬವಾಗಿ ಎಳೆಯೋದು ಗುರುತ್ವದ ಕೊಸೈನ್ ಪಾಲು ಮಾತ್ರ. 30 ಡಿಗ್ರಿ ಇಳಿಜಾರಲ್ಲಿ 13.6 ಸೆಂ.ಮೀ. ಬದಲು 11.8 ಸೆಂ.ಮೀ. ಬೀಳುತ್ತೆ. ಹಾಗಾಗಿ ಎರಡೂ ಕಡೆ ಈಡು ಸ್ವಲ್ಪ ಮೇಲೇ ಹೋಗುತ್ತೆ, ಆದ್ರೆ 50 ಮೀಟರ್‌ಗೆ 2 ಸೆಂ.ಮೀ. ಕೂಡ ಇಲ್ಲ. "ಇಳಿಜಾರಾಗಿದ್ದಕ್ಕೆ ತಪ್ಪಿತು" ಅನ್ನೋ ಮಾತು ಕೇಳಿದ್ರೆ ಈ ಸಂಖ್ಯೆ ನೆನಪಿಟ್ಕೊಳ್ಳಿ.

ದೊಡ್ಡ ತಪ್ಪು ಎಲ್ಲಿದೆ?

ಈಗ ಪಾಠದ ಮುಖ್ಯ ಭಾಗ. ಮದ್ದಿನ ವ್ಯತ್ಯಾಸದಿಂದ 50 ಮೀಟರ್‌ನಲ್ಲಿ ಕೆಲವು ಸೆಂ.ಮೀ. ತಪ್ಪು ಬಂತು. ಗುರಿ ಹಿಡಿಯೋ ಕಣ್ಣಿನ ತಪ್ಪು ಎಷ್ಟು?

ಹಿಂದಿನ ಗುರಿಕಂಡಿಗೂ ಮುಂದಿನ ಮಣಿಗೂ ನಡುವೆ 60 ಸೆಂ.ಮೀ. ಇದೆ ಅಂದ್ಕೊಳ್ಳಿ. ಮಣಿ ಕಂಡಿಯ ನಡುವಿಂದ ಬರೀ 1 ಮಿ.ಮೀ. ಸರಿದಿದ್ರೆ 50 ಮೀಟರ್‌ನಲ್ಲಿ ತಪ್ಪು 8.3 ಸೆಂ.ಮೀ. ಸದೃಶ ತ್ರಿಕೋನದ ಲೆಕ್ಕ, ಹೈಸ್ಕೂಲಿನದ್ದು. ಹಿಂದೆ ಕಂಡಿಯೇ ಇಲ್ಲದೆ ತುದಿಯ ಮಣಿ ಮಾತ್ರ ಇರೋ ಕೋವಿಯಲ್ಲಿ ಕಣ್ಣಿನ ಜಾಗವೇ ಹಿಂದಿನ ಕಂಡಿ. ಕೆನ್ನೆ ಸ್ವಲ್ಪ ಮೇಲೆ ಕೂತ್ರೂ ಮುಗೀತು. ಅದೂ ರಾತ್ರಿ, ಟಾರ್ಚ್ ಬೆಳಕಲ್ಲಿ, ಚಳಿಯಲ್ಲಿ ನಡುಗೋ ಕೈಯಲ್ಲಿ.

ಒಂದಕ್ಕೊಂದು ಸಂಬಂಧ ಇಲ್ಲದ ಎರಡು ತಪ್ಪುಗಳು ಸೇರೋವಾಗ ನೇರವಾಗಿ ಕೂಡಲ್ಲ, ವರ್ಗಗಳಾಗಿ ಕೂಡುತ್ತೆ. ಒಟ್ಟು ತಪ್ಪು ಅಂದ್ರೆ ಆ ವರ್ಗಗಳ ಮೊತ್ತದ ವರ್ಗಮೂಲ. ಲೆಕ್ಕಕ್ಕೆ ಅಂತ ಗುರಿ ಹಿಡಿಯೋ ತಪ್ಪಿನ ಸ್ಟ್ಯಾಂಡರ್ಡ್ ಡೀವಿಯೇಷನ್ 8 ಸೆಂ.ಮೀ., ಈಡಿನದು 3 ಸೆಂ.ಮೀ. ಅಂತ ಇಟ್ಕೊಳ್ಳೋಣ.

64 ಮತ್ತು 9 ಕೂಡಿದ್ರೆ 73. ವರ್ಗಮೂಲ ಸುಮಾರು 8.5.

ಈಗ ಯಾರೋ ವರ್ಷಗಟ್ಟಲೆ ಕೂತು ಈಡಿನ ತಪ್ಪನ್ನ ಪೂರ್ತಿ ಸೊನ್ನೆ ಮಾಡಿದ್ರು ಅಂದ್ಕೊಳ್ಳಿ. ಒಟ್ಟು ತಪ್ಪು 8. ಸಿಕ್ಕ ಲಾಭ ಅರ್ಧ ಸೆಂ.ಮೀ. ಇನ್ನೊಬ್ಬರು ಈಡನ್ನ ಮುಟ್ಟದೆ, ಗುರಿ ಹಿಡಿಯೋ ತಪ್ಪನ್ನ ಅಭ್ಯಾಸದಿಂದ ಅರ್ಧಕ್ಕೆ, ಅಂದ್ರೆ 4ಕ್ಕೆ ಇಳಿಸಿದ್ರು. 16 ಮತ್ತು 9 ಕೂಡಿ 25. ಒಟ್ಟು ತಪ್ಪು 5. ಲಾಭ ಮೂರೂವರೆ ಸೆಂ.ಮೀ.

ಇದನ್ನೇ ಎರರ್ ಬಜೆಟ್ ಅಂತಾರೆ. ಮನೆ ಖರ್ಚಿನ ಲೆಕ್ಕವೂ ಹೀಗೇ ತಾನೆ? ತಿಂಗಳ ಬಾಡಿಗೆ ಕಟ್ಟೋಕಾಗದೆ ಇರೋವಾಗ ಕೊತ್ತಂಬರಿ ಸೊಪ್ಪಿನಲ್ಲಿ ಉಳಿತಾಯ ಮಾಡಿದ್ರೆ ಏನು ಬಂತು? ನಮ್ಮ ಪ್ರಾಜೆಕ್ಟ್‌ಗಳಲ್ಲೂ ಇದೇ ನಡೆಯೋದು. ಸೆನ್ಸರ್‌ನ ತಪ್ಪು ಶೇ 5 ಇರೋವಾಗ ಮೂರನೇ ದಶಮಾಂಶ ಸ್ಥಾನದವರೆಗೆ ಕೋಡ್ ತಿದ್ದುತ್ತಾ ರಾತ್ರಿ ಕಳೀತೀವಿ. ಕೈಗೆ ಸುಲಭವಾಗಿ ಸಿಗೋ ತಪ್ಪನ್ನ ತಿದ್ದೋದು ಒಂದು, ದೊಡ್ಡ ತಪ್ಪನ್ನ ತಿದ್ದೋದು ಇನ್ನೊಂದು.

ಮೂರು ಈಡಿನ ಮೋಸ

ಹ್ಯಾಂಡ್‌ಲೋಡಿಂಗ್ ವಿಡಿಯೊಗಳಲ್ಲಿ ಪದೇ ಪದೇ ಕಾಣೋ ದೃಶ್ಯ ಇದು: ಒಂದು ಥರದ ಈಡು ಮೂರು ಹೊಡೀತಾರೆ, ತೂತುಗಳ ನಡುವಿನ ಅಂತರ ಅಳೀತಾರೆ. ಮದ್ದು ಸ್ವಲ್ಪ ಬದಲಿಸಿ ಮತ್ತೆ ಮೂರು. ಹೀಗೆ ನಾಲ್ಕು ಥರ ಆದ ಮೇಲೆ ಅತಿ ಸಣ್ಣ ಗುಂಪು ಬಂದದ್ದೇ ಒಳ್ಳೇ ಈಡು ಅಂತ ತೀರ್ಮಾನ. ಕೇಳೋಕೆ ಸರಿಯಾಗೇ ಇದೆ. ಲೆಕ್ಕ ಹಾಕಿದ್ರೆ ಬೇರೆ ಕಥೆ.

ಮೇಲು-ಕೆಳಗಿನ ಹರಡಿಕೆಯನ್ನ ಮಾತ್ರ ನೋಡೋಣ. ನಿಜವಾದ ಸ್ಟ್ಯಾಂಡರ್ಡ್ ಡೀವಿಯೇಷನ್ 5 ಸೆಂ.ಮೀ. ಅಂದ್ಕೊಳ್ಳಿ, ಹಂಚಿಕೆ ನಾರ್ಮಲ್. ಮೂರು ಈಡಿನಲ್ಲಿ ಅತಿ ಮೇಲಿನದಕ್ಕೂ ಅತಿ ಕೆಳಗಿನದಕ್ಕೂ ಇರೋ ಅಂತರದ ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಷನ್‌ನ 1.69 ಪಟ್ಟು. ಐದಕ್ಕೆ 2.33 ಪಟ್ಟು, ಹತ್ತಕ್ಕೆ 3.08 ಪಟ್ಟು. ಮೆಕ್ಯಾನಿಕಲ್‌ನವರಿಗೆ ಈ ಸಂಖ್ಯೆಗಳು ಕಂಟ್ರೋಲ್ ಚಾರ್ಟ್ ಕೋಷ್ಟಕದಿಂದ ಗುರುತು ಸಿಗಬಹುದು. ಹಾಗಾಗಿ ಮೂರಕ್ಕೆ ಸರಾಸರಿ 8.5 ಸೆಂ.ಮೀ., ಐದಕ್ಕೆ 11.6, ಹತ್ತಕ್ಕೆ 15.4. ಈಡು ಬದಲಾಗಿಲ್ಲ, ಎಣಿಕೆ ಜಾಸ್ತಿಯಾಯ್ತು ಅಷ್ಟೇ. ಗುಂಪು ಸುಮಾರು ಎರಡರಷ್ಟಾಯ್ತು. ಮೂರು ಈಡಿನ ಗುಂಪನ್ನ ತೋರಿಸಿ "ನನ್ನದು ಇಷ್ಟು ಸಣ್ಣದು" ಅನ್ನೋದು ಒಂದೇ ವಿಷಯದ ಇಂಟರ್ನಲ್ಸ್ ಬರೆದು ಇಡೀ ಸೆಮಿಸ್ಟರ್ ಪಾಸಾದೆ ಅಂದ ಹಾಗೆ.

ಇನ್ನೂ ಕೆಟ್ಟದ್ದು ಅಂದ್ರೆ, ಆ 8.5 ಬರೀ ಸರಾಸರಿ. ಮೂರು ಈಡಿನ ಅಂತರ ಅದೃಷ್ಟದಿಂದಲೇ ಸುಮಾರು 4.4 ಸೆಂ.ಮೀ. ಆಚೀಚೆ ಓಡಾಡುತ್ತೆ. ಅಂದ್ರೆ ಒಂದೇ ಈಡನ್ನ ಮೂರು ಮೂರರಂತೆ ಹೊಡೆದ್ರೆ ಒಂದು ಗುಂಪು 4 ಸೆಂ.ಮೀ., ಇನ್ನೊಂದು 13 ಸೆಂ.ಮೀ. ಬರೋದು ದೊಡ್ಡ ವಿಚಿತ್ರ ಏನಲ್ಲ. ನಾಲ್ಕು ಥರ ಈಡುಗಳೂ ಒಳಗೊಳಗೆ ಒಂದೇ ಆಗಿದ್ರೂ ಯಾವುದೋ ಒಂದು ಗುಂಪು ಸಣ್ಣದಾಗಿ ಬಂದೇ ಬರುತ್ತೆ. ಅದನ್ನ ಹಿಡ್ಕೊಂಡು "ಗುಟ್ಟು ಸಿಕ್ಕಿತು" ಅಂತ ಕುಣಿದ್ರೆ ಲಾಟರಿ ಹೊಡೆದವನ ನಂಬರನ್ನ ಸೂತ್ರ ಅಂದ ಹಾಗೆ.

ಕಮ್ಮಿ ರೀಡಿಂಗ್‌ನಿಂದ ಎಷ್ಟು ನಂಬಬಹುದು ಅನ್ನೋ ಈ ಪ್ರಶ್ನೆಗೆ ಉತ್ತರ ಹುಡುಕಿದವರು ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡ್ತಿದ್ದ ವಿಲಿಯಂ ಗಾಸೆಟ್. 1908ರಲ್ಲಿ 'ಸ್ಟೂಡೆಂಟ್' ಅನ್ನೋ ಗುಪ್ತನಾಮದಲ್ಲಿ ಅವರು ಬರೆದ ಪ್ರಬಂಧವೇ ನಾವು ಗಣಿತದ ಪೇಪರಿನಲ್ಲಿ ಓದೋ ಟಿ-ಟೆಸ್ಟ್‌ನ ಮೂಲ. ಟಿ-ಟೆಸ್ಟ್ ಅಂದ್ರೆ ಹತ್ತು ಮಾರ್ಕಿನ ಪ್ರಶ್ನೆ ಮಾತ್ರ ಅಲ್ಲ. ಮೂರು ರೀಡಿಂಗ್ ನಂಬಿ ಮೋಸ ಹೋಗದ ಹಾಗೆ ಹಾಕ್ಕೊಳ್ಳೋ ಬೇಲಿ.

ಗೋಲಿ ಸಾಕು, ಗುಂಡು ಬೇಡ

ಇದೆಲ್ಲ ಕೈಯಾರೆ ಮಾಡಿ ನೋಡೋಕೆ ಕೋವಿ ಬೇಕಿಲ್ಲ. ಹಾಸ್ಟೆಲ್ಲಿನ ಮೇಜು, ಒಂದು ಉಕ್ಕಿನ ಗೋಲಿ, ಇಳಿಜಾರಾಗಿಟ್ಟ ಹಲಗೆ, ಒಂದು ಬಿಳಿ ಹಾಳೆ, ಮೇಲೊಂದು ಕಾರ್ಬನ್ ಪೇಪರ್ ಸಾಕು.

ಹಲಗೆಯ ಕೆಳತುದಿ ಮೇಜಿನ ಅಂಚಿನಲ್ಲಿ ಸಮತಟ್ಟಾಗಿ ಮುಗಿಯಬೇಕು. ಗೋಲಿಯನ್ನ ಅಂಚಿಗಿಂತ 20 ಸೆಂ.ಮೀ. ಎತ್ತರದಿಂದ ಬಿಡಿ. ಅದು ಉರುಳಿ ಬಂದು, ಹಾರಿ, ನೆಲದ ಕಾರ್ಬನ್ ಮೇಲೆ ಬಿದ್ದು ಹಾಳೆಯಲ್ಲಿ ಚುಕ್ಕೆ ಮೂಡಿಸುತ್ತೆ. ಜಾರದೆ ಉರುಳೋ ಗೋಲಿಯ ಶಕ್ತಿಯಲ್ಲಿ ಒಂದು ಪಾಲು ತಿರುಗೋದಕ್ಕೇ ಹೋಗೋದ್ರಿಂದ ಸೂತ್ರ ಹೀಗೆ ಬರುತ್ತೆ:

ಬೀಳುವ ದೂರ = ವರ್ಗಮೂಲ (20 × ಬಿಟ್ಟ ಎತ್ತರ × ಮೇಜಿನ ಎತ್ತರ ÷ 7)

ಮೇಜು 75 ಸೆಂ.ಮೀ. ಇದ್ರೆ ಗೋಲಿ ಸುಮಾರು 65 ಸೆಂ.ಮೀ. ದೂರ ಬೀಳುತ್ತೆ. ಇಲ್ಲಿ ಬಿಟ್ಟ ಎತ್ತರವೇ ನಮ್ಮ ಮದ್ದು. ಎತ್ತರದಲ್ಲಿ 1 ಸೆಂ.ಮೀ., ಅಂದ್ರೆ ಶೇ 5 ತಪ್ಪಿದ್ರೆ ದೂರದಲ್ಲಿ ಶೇ 2.5, ಸುಮಾರು 1.6 ಸೆಂ.ಮೀ. ತಪ್ಪು.

ಮೊದಲು ಬೆರಳಲ್ಲಿ ಹಿಡಿದು ಕಣ್ಣಂದಾಜಿನಲ್ಲಿ 20 ಸಲ ಬಿಡಿ. ಆಮೇಲೆ ಹಲಗೆಗೆ ಒಂದು ಸ್ಕೇಲನ್ನ ಅಡ್ಡ ಇಟ್ಟು, ಗೋಲಿಯನ್ನ ಅದಕ್ಕೆ ತಾಗಿಸಿ, ಸ್ಕೇಲ್ ಎತ್ತಿ 20 ಸಲ ಬಿಡಿ. ಎರಡು ಬೇರೆ ಹಾಳೆ. ಎರಡರಲ್ಲೂ ದೂರ ಅಳೆದು ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೀರಿ. ಎರಡನೆಯ ಹಾಳೆಯಲ್ಲಿ ಚುಕ್ಕೆಗಳು ಹತ್ತಿರ ಬಂದಿದ್ರೆ ಅಷ್ಟೇ ಹ್ಯಾಂಡ್‌ಲೋಡಿಂಗ್‌ನ ತತ್ವ, ಇನ್ನೇನೂ ಇಲ್ಲ. ಆಮೇಲೆ ಮೊದಲ ಹಾಳೆಯ 20 ರೀಡಿಂಗ್‌ಗಳಲ್ಲಿ ಮೂರು ಮೂರನ್ನ ಚೀಟಿ ಎತ್ತಿ ಅವುಗಳ ಅಂತರ ಬರೀತಾ ಹೋಗಿ. ಒಂದೇ ಹಾಳೆಯಿಂದ ಎಷ್ಟು ಬೇರೆ ಬೇರೆ "ಗುಂಪು" ಬರುತ್ತೆ ಅಂತ ನೋಡಿದ ಮೇಲೆ ಯಾರ ಮೂರು ಈಡಿನ ಫೋಟೊವನ್ನೂ ಸುಮ್ಮನೆ ನಂಬಲ್ಲ.

ನಿಜವಾಗಿ ಗುರಿಕಾರಿಕೆಯಲ್ಲೇ ಆಸಕ್ತಿ ಇದ್ರೆ ಅದಕ್ಕೂ ನೇರವಾದ ದಾರಿ ಇದೆ. ಎನ್‌ಸಿಸಿ ಸೇರಿದ್ರೆ ಪಾಯಿಂಟ್ ಟೂ ಟೂ ರೈಫಲ್ ತರಬೇತಿ ಸಿಗುತ್ತೆ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿ.ಮೀ. ಮಾತ್ರ, 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ಅಲ್ಲಿನವರು ಪೆಲೆಟ್ ತಯಾರಿಸಲ್ಲ, ಬೇರೆ ಬೇರೆ ಬ್ಯಾಚ್‌ಗಳನ್ನ ಪರೀಕ್ಷೆ ಮಾಡಿ ತಮ್ಮ ರೈಫಲ್‌ಗೆ ಒಪ್ಪೋದನ್ನ ಆರಿಸ್ತಾರೆ. ಮೇಲೆ ಹೇಳಿದ ಲೆಕ್ಕವೆಲ್ಲ ಆ ಆಯ್ಕೆಗೂ ಬೇಕು.

ಮನೆಯಲ್ಲಿ ಕೋವಿ ಇರೋರಿಗೆ

ರಜೆಗೆ ಊರಿಗೆ ಹೋಗೋ ನಮ್ಮ ಗೆಳೆಯರಲ್ಲಿ ಕೋವಿ ಇರೋ ಮನೆಯವರೂ ಇದ್ದಾರೆ. ಗುರಿ ಸ್ವಲ್ಪ ತಪ್ಪಿದ್ರೆ ಹಂದಿ ಓಡುತ್ತೆ ಅಷ್ಟೆ. ಈ ಕೆಳಗಿನವು ತಪ್ಪಿದ್ರೆ ಮನುಷ್ಯರು ಹೋಗ್ತಾರೆ. ಹಿರಿಯರಿಗೆ ಇವು ಗೊತ್ತಿರುತ್ತೆ. ಕಾರಣ ಗೊತ್ತಿದ್ರೆ ನಾವೂ ಒಂದು ಮಾತು ನೆನಪಿಸಬಹುದು.

ನಳಿಗೆ ಅಂದ್ರೆ ಒಳಗಿನ ಒತ್ತಡ ತಡೆಯೋ ಸಿಲಿಂಡರ್. ಗೋಡೆಯ ಸ್ಟ್ರೆಸ್ ಹೆಚ್ಚುಕಮ್ಮಿ ಒತ್ತಡ × ತ್ರಿಜ್ಯ ÷ ದಪ್ಪ. ದಪ್ಪ ಗೋಡೆಗೆ ಲಾಮೆ ಸಮೀಕರಣ ಬೇಕು, ಆದ್ರೆ ಅರ್ಥ ಅದೇ. ಮಳೆಗಾಲದಲ್ಲಿ ತುಕ್ಕು ತಿಂದು ಒಂದು ಜಾಗದಲ್ಲಿ ಗೋಡೆ ತೆಳುವಾಗಿದ್ರೆ ಅಲ್ಲೇ ಸೀಳೋದು. ಹೊರಗೆ ಎಣ್ಣೆ ಹಚ್ಚಿ ಮಿಂಚಿಸಿದ್ರೆ ಒಳಗಿನ ಕುಳಿ ಮಾಯವಾಗಲ್ಲ.

ಹೊಗೆಯಿಲ್ಲದ ಆಧುನಿಕ ಪೌಡರನ್ನ ಕೇಪಿನ ಕೋವಿಗೆ ಹಾಕೋದು ಅಂದ್ರೆ ಬಾಂಬ್ ಹಿಡ್ಕೊಂಡ ಹಾಗೆ. ಆ ಕೋವಿ ಕಪ್ಪು ಮದ್ದಿಗೆ ಮಾಡಿದ್ದು. ಹೊಸ ಪೌಡರಿನ ಒತ್ತಡ ಅದರ ಲೆಕ್ಕದಲ್ಲೇ ಇಲ್ಲ. ಹಾಗೆಯೇ "ಇನ್ನೂ ಸ್ವಲ್ಪ ಜಾಸ್ತಿ ಹಾಕಿದ್ರೆ ದೂರ ಹೋಗುತ್ತೆ" ಅನ್ನೋದೂ ಅಪಾಯ. ವೇಗ ಸ್ವಲ್ಪ ಏರೋ ಅಷ್ಟರಲ್ಲಿ ಒತ್ತಡ ಅದಕ್ಕಿಂತ ಎಷ್ಟೋ ಜೋರಾಗಿ ಏರಿರುತ್ತೆ.

ಗುಂಡು ಮದ್ದಿನ ಮೇಲೆ ಕೂರದೆ ನಡುವೆ ಸಿಕ್ಕಿಕೊಂಡ್ರೆ, ಅಥವಾ ತುಂಬಿದ ಈಡು ಮರೆತು ಅದರ ಮೇಲೆ ಇನ್ನೊಂದು ತುಂಬಿದ್ರೆ, ನಳಿಗೆ ಒಡೆಯಬಹುದು. ಈಡು ತುಂಬಿದ ಕೋವಿಯನ್ನ ಗೋಡೆಗೆ ಒರಗಿಸಿ "ಆಮೇಲೆ ನೋಡೋಣ" ಅಂದ್ರೆ ಆ ಮರೆವಿಗೆ ನಾವೇ ಜಾಗ ಮಾಡಿಕೊಟ್ಟ ಹಾಗೆ.

ಕೇಪು ಹೊಡೆದು ಈಡು ಹಾರದೆ ಇದ್ರೆ ತಕ್ಷಣ ನಳಿಗೆಯಲ್ಲಿ ಇಣುಕೋದು, ಕೋವಿ ತಿರುಗಿಸೋದು ಬೇಡ. ತೇವದ ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ಬಾಯಿ ಜನರಿಲ್ಲದ ದಿಕ್ಕಿಗೇ ಇರಲಿ, ಸ್ವಲ್ಪ ಹೊತ್ತು ಹಾಗೇ ಕಾಯಲಿ. ಹಾರಿಸಿದ ಬೆನ್ನಿಗೇ ಮದ್ದಿನ ಡಬ್ಬಿಯಿಂದ ನೇರ ನಳಿಗೆಗೆ ಸುರಿಯೋದೂ ಬೇಡ. ಒಳಗೆ ಕೆಂಡದ ಕಿಡಿ ಉಳಿದಿದ್ರೆ ಬೆಂಕಿ ಡಬ್ಬಿಗೇ ಬರುತ್ತೆ.

ಇನ್ನು ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಕೋವಿ ಅವರದ್ದು. ರಜೆಗೆ ಬಂದ ಮಗನದ್ದೂ ಅಲ್ಲ, ನೋಡೋಕೆ ಬಂದ ರೂಮ್‌ಮೇಟಿನದ್ದಂತೂ ಅಲ್ವೇ ಅಲ್ಲ.

ಕೊನೆಗೆ ಒಂದು ಲೆಕ್ಕ. ಸೆಕೆಂಡಿಗೆ 300 ಮೀಟರ್ ವೇಗದ ಗುಂಡು ಗಾಳಿಯೇ ಇಲ್ಲದಿದ್ರೆ 9 ಕಿ.ಮೀ.ಗೂ ಹೆಚ್ಚು ದೂರ ಹೋಗಬಲ್ಲದು. ಗಾಳಿಯ ತಡೆಯಿಂದ ನಿಜದಲ್ಲಿ ಅದರ ಸಣ್ಣ ಪಾಲು ಮಾತ್ರ ಹೋಗುತ್ತೆ. ಆದ್ರೆ ಆ ಸಣ್ಣ ಪಾಲೂ ನಮ್ಮ ತೋಟದ ಬೇಲಿಗಿಂತ ತುಂಬಾ ಆಚೆ. ಬೇಲಿಯಾಚೆ ಪಕ್ಕದ ಮನೆಯವರು ರಾತ್ರಿ ನೀರು ತಿರುಗಿಸೋಕೆ ಬಂದಿರಬಹುದು, ಅವರೂ ಹಂದಿ ಕಾಯ್ತಾ ಕೂತಿರಬಹುದು. ಗುಂಪು 5 ಸೆಂ.ಮೀ. ಇದ್ರೂ 50 ಸೆಂ.ಮೀ. ಇದ್ರೂ, ತಪ್ಪಿದ ಈಡು ಎಲ್ಲಿಗೆ ಹೋಗುತ್ತೆ ಅನ್ನೋದು ಎರಡಕ್ಕೂ ಒಂದೇ ಪ್ರಶ್ನೆ. ಹಿಂದೆ ಮಣ್ಣಿನ ಧರೆ ಇದೆಯಾ, ಬರೀ ಕತ್ತಲೆ ಇದೆಯಾ? ಧರೆ ಕಾಣದಿದ್ರೆ ಆ ಈಡು ಹಾರಿಸೋದೇ ಬೇಡ. ಹಂದಿಗೆ ಡಬ್ಬ ಬಡಿದ್ರೂ ಓಡುತ್ತೆ.